ಕೋಟೆಬಾಗಿಲ ಹನ್ನೊಂದು ಹೆಂಗಸರು

...ಅಲ್ಲ, ಒಂದು ಸಲ ತಲೆ ಆಡಿಸೋಕೆ ನಿನಗೇನು ಕಷ್ಟ? ತಂತಿ ಕಟ್ಟಿರೋದು ದವಡೆಗೆ, ಕುತ್ತಿಗೆಗಲ್ಲ. ಡಾಕ್ಟರು ನನ್ನೆದುರಿಗೇ ಹೇಳಿದ್ರು, ಆರು ವಾರ ಬಾಯಿ ತೆಗೆಯೋ ಹಾಗಿಲ್ಲ, ಕೈ, ತಲೆ ಎಲ್ಲ ಆಡಿಸಬಹುದು ಅಂತ. ನಾಲ್ಕು ಗಂಟೆಗೆ ಇನ್ಸ್‌ಪೆಕ್ಟರ್ ಸಾಹೇಬ್ರು ಮತ್ತೆ ಬರ್ತಾರೆ. ಆ ಕಬ್ಬಿಣದ ಗೇಟು ಮಾಡೋನ ಫೋಟೋ ತೋರಿಸಿ ‘ನಿನ್ನ ಹೊಡೆದೋನು ಇವನೇನಾ’ ಅಂತ ಕೇಳ್ತಾರೆ. ನೀನು ಹೂಂ ಅಂತ ಒಂದು ಸಲ ಗಲ್ಲ ಕೆಳಗಿಳಿಸು. ಅಷ್ಟೇ. ಮುಗೀತು.

ಕುಡಿ ಮೊದಲು. ಕೊಳವೆ ತುಟಿ ಪಕ್ಕಕ್ಕೆ ಇಟ್ಕೋ... ಹಾಂ, ನಿಧಾನ. ಬಿಸಿ ಇಲ್ಲ, ಹಾಲು ಆರಿಸಿ ತಂದಿದೀನಿ. ಮುಖ ಆ ಕಡೆ ತಿರುಗಿಸಬೇಡ. ಇಪ್ಪತ್ತೆರಡು ವರ್ಷ ಒಂದೇ ಮೇಜಿನ ಎರಡು ಬದಿ ಕೂತು ಗೊಂಬೆ ಮಾಡಿದೋರು ನಾವು. ಅಕ್ಕನ ಕೈಯಲ್ಲಿ ಹಾಲು ಕುಡಿಯೋಕೆ ಎಂಥ ನಾಚಿಕೆ?

ನಿನ್ನೆ ಯಾಕೆ ಹಾಗೆ ಮಾಡಿದೆ? ಅವರು ಫೋಟೋ ಹಿಡಿದ್ರು, ನೀನು ಚಾವಣಿ ನೋಡಿದೆ. ಹಾಳೆ ಕೊಟ್ಟು ಪೆನ್ನು ಕೈಗಿಟ್ರು, ನೀನು ಬೆರಳೇ ಮಡಿಸಲಿಲ್ಲ. ಪೆನ್ನು ಉರುಳಿ ಮಂಚದ ಕೆಳಗೆ ಹೋಯ್ತು, ನಾನು ಬಗ್ಗಿ ತೆಗೆದುಕೊಡಬೇಕಾಯ್ತು. ಹೊರಗೆ ಹೋಗಿ ಸಾಹೇಬ್ರು ನನ್ನ ಕೇಳ್ತಾರೆ, ‘ಏನಮ್ಮ, ನಿಮ್ಮ ತಮ್ಮನಿಗೆ ನೆನಪು ಹೋಗಿದೆಯಾ?’ ನಾನೇನು ಹೇಳಲಿ? ‘ಹೆದರಿದಾನೆ ಸಾರ್, ಪಾಪ’ ಅಂದೆ.

ಹೆದರಿದೀಯ ತಾನೇ?

ಸರಿ, ನೆನಪಿಲ್ಲ ಅಂತಾನೇ ಇಟ್ಕೊಳ್ಳೋಣ. ನಾನು ಹೇಳ್ತೀನಿ, ಕೇಳಿಸ್ಕೋ. ಸೋಮವಾರ ಬೆಳಿಗ್ಗೆ ನಾನು ಬಟ್ಟೆಗೆ ಬಣ್ಣ ಹಾಕೋನ ಹತ್ತಿರ ಹೋಗಿದ್ದೆ. ದಳಪತಿ ಗೊಂಬೆಯ ಮೇಲಂಗಿ ಬಟ್ಟೆಗೆ ಕಡುಗೆಂಪು ಸರಿಯಾಗಿ ಹಿಡಿದಿರಲಿಲ್ಲ, ಇನ್ನೊಂದು ಸಲ ಅದ್ದಿಸೋಕೆ. ಮಧ್ಯಾಹ್ನ ವಾಪಸ್ ಬಂದ್ರೆ ಬೀದಿಬಾಗಿಲು ತೆರೆದಿದೆ. ಕೆಲಸದ ಕೋಣೇಲಿ ನೀನು ಮೇಜಿನ ಕೆಳಗೆ ಬಿದ್ದಿದೀಯ, ಮುಖ ಮೂತಿ ಎಲ್ಲ ರಕ್ತ. ಪಕ್ಕದಲ್ಲಿ ಮರದ ಕೊಡತಿ. ಗೊಂಬೆಗಳು ಚೂರುಚೂರು. ಯಾರೋ ನುಗ್ಗಿ ನಿನ್ನ ಹೊಡೆದು, ಗೊಂಬೆ ಒಡೆದು ಹೋಗಿದಾರೆ. ಪೊಲೀಸರಿಗೆ ನಾನು ಬರೆಸಿರೋದು ಇಷ್ಟೇ.

ಯಾರು ಅಂತ ನಾನು ಹೆಸರು ಹೇಳಬೇಕಾಗಲೇ ಇಲ್ಲ. ಬೀದಿಯವರೇ ಹೇಳಿದ್ರು. ಆ ಗೇಟು ಮಾಡೋನು ಎರಡು ಸಲ ಬಂದು ನಮ್ಮ ಬಾಗಿಲಲ್ಲಿ ಕೂಗಾಡಿದ್ದನಲ್ಲ. ದಳಪತಿ ಅವನ ವಂಶದೋನಂತೆ. ಎಷ್ಟು ತಲೆಮಾರೋ, ಆ ದೇವರಿಗೇ ಗೊತ್ತು. ನಾವು ಮ್ಯೂಸಿಯಮ್ಮಿಗೆ ಕೋಟೆ ಮುತ್ತಿಗೆಯ ದೃಶ್ಯ ಮಾಡ್ತಿದೀವಿ, ಅದರಲ್ಲಿ ದಳಪತಿಯ ಸೈನಿಕರು ರಾಣಿವಾಸದ ಹೆಂಗಸರನ್ನ ಎಳೀತಾರೆ ಅಂತ ಅವನಿಗೆ ಯಾರೋ ಊದಿದಾರೆ. ‘ನಮ್ಮ ಮುತ್ತಾತನ ಕಾಲಬುಡದಲ್ಲಿ ಹೆಂಗಸರನ್ನ ಹಾಕಿದ್ರೆ ಕೈ ಮುರಿದು ಹಾಕ್ತೀನಿ’ ಅಂದ. ಕೈ ಮುರೀತೀನಿ ಅಂದೋನು ದವಡೆ ಮುರಿದ, ಪೊಲೀಸರಿಗೆ ಅಷ್ಟೇ ವ್ಯತ್ಯಾಸ.

ಯಾಕೆ ನಗ್ತೀಯ? ನಗ್ತಿದೀಯ ನೀನು. ಬಾಯಿ ಕಟ್ಟಿದ್ರೇನು, ನಿನ್ನ ಕಣ್ಣಂಚಿನ ಗೆರೆ ನನಗೆ ಗೊತ್ತಿಲ್ವಾ?

ನಗೋ ವಿಷಯ ಅಲ್ಲ ಇದು. ಅವನನ್ನ ಹಿಡ್ಕೊಂಡು ಹೋಗಿ ಮೂರು ದಿನ ಆಯ್ತು. ಅಂಗಾಲಿಗೆ ಹೊಡೆದಿದಾರೆ, ನಿಲ್ಲೋಕಾಗ್ತಿಲ್ಲವಂತೆ. ಮುಂದಿನ ಎರಡು ಹಲ್ಲು ಹೋಗಿದೆ. ಕಾವಲಿಗೆ ಕೂತಿದಾನಲ್ಲ ಹೊರಗೆ, ಆ ಪೇದೆ ಹೇಳಿದ. ‘ನಿಮ್ಮ ತಮ್ಮನಿಗೂ ಅವನಿಗೂ ಸರಿಸಮ ಮಾಡ್ತಿದೀವಿ ಅಮ್ಮ’ ಅಂತ ಹೇಳಿ ನಕ್ಕ. ನಾನೂ ನಕ್ಕೆ ಕಣೋ. ಯಾಕೆ ನಕ್ಕೆ ಅಂತ ಗೊತ್ತಿಲ್ಲ.

ಅವನ ಹೆಂಡತಿ ಬಂದಿದ್ಲು. ನಿನ್ನೆ, ಇಲ್ಲೇ ಆಸ್ಪತ್ರೆ ಮೆಟ್ಟಿಲ ಮೇಲೆ. ಸಣ್ಣ ವಯಸ್ಸು, ಮೂವತ್ತೂ ಇರಲಿಕ್ಕಿಲ್ಲ. ನನ್ನ ಚೀಲದ ಹಿಡಿ ಹಿಡ್ಕೊಂಡು ಬಿಡ್ಲೇ ಇಲ್ಲ. ‘ಅಕ್ಕಾ, ಸೋಮವಾರ ಮಧ್ಯಾಹ್ನ ಅವರು ಮನೇಲೇ ಇದ್ರು. ಹಿತ್ತಿಲ ಬಾಗಿಲಿಗೆ ಹೊಸ ಕೀಲು ಹಾಕ್ತಿದ್ರು, ಬಾಗಿಲು ಎತ್ತಿ ಹಿಡ್ಕೊಂಡಿದ್ದು ನಾನು’ ಅಂದ್ಲು. ಅಂಗೈ ತೋರಿಸಿದ್ಲು. ಮರದ ಸೀಳು ಚುಚ್ಚಿ ಕೀವು ಕಟ್ಟಿದೆ. ಹೆಂಡತಿ ಮಾತು ಯಾರು ನಂಬ್ತಾರೆ? ನಾನೂ ನಂಬದೋಳ ಹಾಗೇ ನಿಂತಿದ್ದೆ. ಆಗ ಅವಳು ಒಂದು ಮಾತು ಕೇಳಿದ್ಲು. ‘ಅಕ್ಕಾ, ದಳಪತಿ ಗೊಂಬೆಯ ತಲೆ ಒಡೆದಿದೆಯಂತಲ್ಲ. ಸೈನಿಕರೆಲ್ಲ ಪುಡಿಯಂತೆ. ಹೆಂಗಸರ ಗೊಂಬೆಗೆ ಒಂದು ಗೀರೂ ಆಗಿಲ್ಲವಂತೆ. ನಮ್ಮವರು ಬಂದಿದ್ರೆ ಒಡೀಬೇಕಾದ್ದು ಹೆಂಗಸರನ್ನ ಅಲ್ವಾ? ಅವರ ಮುತ್ತಾತನ ತಲೇನ ಅವರೇ ಒಡೀತಾರಾ?’

ಇನ್ಸ್‌ಪೆಕ್ಟರಿಗೆ ಹೊಳೀದೇ ಇದ್ದದ್ದು ಅವಳಿಗೆ ಹೊಳೀತು ನೋಡು.

ನಾನೇನಂದೆ? ‘ನನಗೆ ಗೊತ್ತಿಲ್ಲಮ್ಮ. ನನ್ನ ತಮ್ಮ ನೋಡಿದಾನೆ, ಅವನೇ ಹೇಳಲಿ’ ಅಂದೆ. ಎಲ್ಲ ನಿನ್ನ ತಲೆಗೆ ಕಟ್ಟಿ ಬಂದೆ. ಈಗ ನೀನು ಹೂಂ ಅಂದ್ರೆ ಅವನು ಜೈಲಿಗೆ, ಊಹೂಂ ಅಂದ್ರೆ ಮನೆಗೆ. ಎರಡೂ ಅನ್ನದೆ ಬಿದ್ಕೊಂಡ್ರೆ ಅವರು ಹೊಡೀತಾನೇ ಇರ್ತಾರೆ.

ತುಟಿ ಒರೆಸ್ತೀನಿ ಇರು. ನೋವಾಯ್ತಾ? ಇಲ್ಲಿ ಇನ್ನೂ ಊದಿಕೊಂಡಿದೆ, ಕಿವಿ ಕೆಳಗೆ. ನೀಲಿ ಹೋಗಿ ಹಳದಿ ತಿರುಗ್ತಿದೆ. ನೀನು ಗೊಂಬೆಗೆ ಗಾಯ ಬಳಿಯೋವಾಗ ಈ ಹಳದಿ ಹಾಕ್ತಾನೇ ಇರಲಿಲ್ಲ. ರಕ್ತಾನೂ ನೀನು ತಪ್ಪೇ ಬಳೀತಿದ್ದೆ ಕಣೋ. ಕೆಂಪಿನ ಮೇಲೆ ಮೆರುಗೆಣ್ಣೆ ಹಾಕಿ, ಫಳಫಳ. ನಾನು ಎಷ್ಟು ಸಲ ಹೇಳಿದ್ದೆ, ಬಟ್ಟೆ ರಕ್ತ ಕುಡಿಯುತ್ತೆ, ಮಿಂಚಲ್ಲ ಅಂತ. ನೀನು ಕೇಳಲಿಲ್ಲ. ಈಗ ಕಣ್ಣಾರೆ ನೋಡಿದೆ. ನಿನ್ನ ಅಂಗಿ ಕಾಲರಿನ ಮೇಲೆ ಮೊದಲು ಕೆಂಪಗೆ ಹರಡಿತು, ಆಮೇಲೆ ಅಂಚಿನಿಂದ ಕಂದೋಕೆ ಶುರುವಾಯ್ತು. ಪೂರ್ತಿ ಕಂದು ಆಗೋ ತನಕ ನಾನು ನಿನ್ನ ಪಕ್ಕ ನೆಲದ ಮೇಲೆ...

ಯಾಕೆ ಹಾಗೆ ನೋಡ್ತೀಯ?

ಆಂಬುಲೆನ್ಸು ಬರೋಕೆ ತಡವಾಯ್ತು. ಅದಕ್ಕೆ ನೋಡ್ತಾ ಕೂತಿದ್ದೆ. ಇಲ್ಲ, ನೀನು ಬಿದ್ದಾಗಲೇ... ನೀನು ಬೀಳ್ತಾ ನನ್ನ ತೋಳು... ಮೇಜಿನ ಅಂಚು ಹಿಡ್ಕೊಂಡಿರಬೇಕು. ಹಾಗಂತ ಪೊಲೀಸರು ಹೇಳಿದ್ರು.

ಹಾಗೆ ನೋಡಬೇಡ. ಏನಾದ್ರೂ ಮಾಡು. ಹಾಳೆ ಇಲ್ಲೇ ಇದೆ, ಪೆನ್ನೂ ಇದೆ. ಬರಿ. ಕೈ ಚೆನ್ನಾಗೇ ಇದೆಯಲ್ಲ ನಿಂದು.

...

ನನಗೆ ಗೊತ್ತು ನೀನು ಯಾಕೆ ಬರೀತಿಲ್ಲ ಅಂತ. ನೆನಪು ಹೋಗಿಲ್ಲ ನಿನಗೆ. ನೀನು ನನ್ನ ಮುಖ ನೋಡಿದ್ದೆ. ಕೊಡತಿ ಎತ್ತಿದಾಗ ನೀನು ತಿರುಗಿದೆ, ‘ಅಕ್ಕ’ ಅಂದೆ. ಅದೇ ನೀನು ಆಡಿದ ಕೊನೇ ಮಾತು. ಅದು ಬಾಯಿಂದ ಪೂರ್ತಿ ಬರೋದಕ್ಕೆ ಮುಂಚೆ ಹೊಡೆದೆ.

ನಾನೇ ಹೊಡೆದದ್ದು. ಎಡಗಡೆ ಒಂದು ಏಟು. ಟಪ್ ಅಂತ ಶಬ್ದ ಬಂತು, ಒಣ ಮರ ಸೀಳಿದ ಹಾಗೆ. ನೀನು ನನ್ನ ತೋಳು ಹಿಡ್ಕೊಂಡೆ, ನಾನು ಬಿಡಿಸ್ಕೊಂಡು ಇನ್ನೊಂದು ಹೊಡೆದೆ. ಆಮೇಲೆ ನೀನು ಬಿದ್ದೆ. ನಾನು ನಿನ್ನ ದಾಟಿ ಮೇಜಿಗೆ ಹೋದೆ. ಸೈನಿಕರನ್ನ ಒಬ್ಬೊಬ್ಬರನ್ನೇ ಒಡೆದೆ. ನೂರಾ ಮೂವತ್ತು ಜನ ಅವರು. ದಳಪತಿಯನ್ನ ಕುದುರೆಯಿಂದ ಕಿತ್ತು, ತಲೆ ಪುಡಿಯಾಗೋ ತನಕ ಕುಟ್ಟಿದೆ. ಅವನ ಎದೆಗವಚದ ಉಂಗುರ ಒಂದೊಂದನ್ನೂ ನಾನೇ ಸೂಜಿಗೆ ತಂತಿ ಸುತ್ತಿ ಕತ್ತರಿಸಿ ಹೆಣೆದದ್ದು. ಆ ಒಂದು ಕವಚಕ್ಕೇ ಹದಿನೈದು ದಿನ. ಕಣ್ಣು ಹೋಗ್ತಿತ್ತು. ಒಡೀವಾಗ ಅಯ್ಯೋ ಅನ್ಸಲಿಲ್ಲ.

ಹೆಂಗಸರನ್ನ ಮಾತ್ರ ಮೇಜಿನ ಮೇಲೆ ಸಾಲಾಗಿ ಮಲಗಿಸಿ, ಬಣ್ಣ ಹಾಕಿಸಿ ತಂದಿದ್ದ ಬಟ್ಟೆ ಮೇಲೆ ಹೊದಿಸಿದೆ. ಆಮೇಲೆ ನಿನ್ನ ಪಕ್ಕ ಕೂತೆ. ಎಷ್ಟು ಹೊತ್ತೋ. ಉಸಿರು ಆಡ್ತಾ ಇದೆಯಾ ಅಂತ ಮೂಗಿನ ಹತ್ತಿರ ಕೈ ಇಟ್ಟು ನೋಡಿದೆ. ಆಡ್ತಾ ಇತ್ತು. ಆಗ ಬೀದಿಬಾಗಿಲು ತೆರೆದಿಟ್ಟು ಕೂಗ್ಕೊಂಡೆ.

ಯಾಕೆ ಅಂತ ನಿನಗೆ ಗೊತ್ತು. ಆದ್ರೂ ಹೇಳ್ತೀನಿ. ನೀನು ಕೇಳಿಸ್ಕೋಬೇಕು.

ಆ ಹನ್ನೊಂದು ಹೆಂಗಸರ ಬಟ್ಟೆಗೆ ನನಗೆ ಹದಿಮೂರು ತಿಂಗಳು ಹಿಡೀತು. ಗೇಣುದ್ದದ ಗೊಂಬೆ ಮೇಲೆ ಬಟ್ಟೆ ಸುಮ್ಮನೆ ಬೀಳಲ್ಲ, ಕೊಡೆ ಥರ ಸೆಟೆದು ನಿಲ್ಲುತ್ತೆ. ಒಗೆದೂ ಒಗೆದೂ ಸವೆದುಹೋದ ಹಳೇ ಬಟ್ಟೆ ಹುಡುಕಿ, ಅಂಟುನೀರಲ್ಲಿ ಅದ್ದಿ, ಒಂದೊಂದು ನೆರಿಗೇನೂ ಚಿಮಟದಲ್ಲಿ ಹಿಡಿದು ಕೂರಿಸಿದೆ. ಆ ಕಾಲದಲ್ಲಿ ಗುಂಡಿ ಇರಲಿಲ್ಲ ಅಂತ ಕುಪ್ಪಸಕ್ಕೆ ಕಸೆ ಇಟ್ಟೆ, ಕೂದಲೆಳೆಯಷ್ಟು ಸಣ್ಣವು, ಕಟ್ಟಿದ್ರೆ ಕಟ್ಟೋಕೆ ಬರಬೇಕು, ಬಿಚ್ಚಿದ್ರೆ ಬಿಚ್ಚೋಕೆ ಬರಬೇಕು. ಯಾರೂ ನೋಡದೇ ಇರೋ ಒಳಲಂಗಕ್ಕೂ ಅಂಚು ಹೊಲಿದೆ. ‘ಯಾರಿಗಕ್ಕ ಕಾಣ್ಸುತ್ತೆ ಇದು’ ಅಂತ ನೀನೇ ನಗ್ತಿದ್ದೆ. ಅವರಿಗೆ ಗೊತ್ತಿರುತ್ತೆ ಅಂದಿದ್ದೆ ನಾನು.

ಮ್ಯೂಸಿಯಮ್ಮಿನ ಮೇಡಂ ಆ ಹಳೇ ಬರಹದ ನಕಲು ತಂದುಕೊಟ್ಟ ದಿನ ನೆನಪಿದೆಯಾ? ಮುತ್ತಿಗೇಲಿ ಇದ್ದ ಸಿಪಾಯಿ ಯಾರೋ ಬರೆದಿಟ್ಟದ್ದು. ಬಾಗಿಲು ಮುರಿದ ಮೇಲೆ ಹೆಂಗಸರ ಬಟ್ಟೆ ಹರಿದು ಕೂದಲು ಹಿಡಿದು ಬಯಲಿಗೆ ಎಳೆದ್ರು ಅಂತ. ಅವತ್ತೇ ನಿನ್ನ ಕಣ್ಣು ಹೊಳೀತು. ನಾನು ಬೇಡ ಅಂದೆ. ಬಾಗಿಲು ಮುರಿಯೋ ಗಳಿಗೆ ತೋರಿಸಿದ್ರೆ ಸಾಕು, ಆಮೇಲಿನದು ನೋಡೋರಿಗೆ ತಾನಾಗೇ ತಿಳಿಯುತ್ತೆ, ಬಟ್ಟೆ ಹಾಗೇ ಇರಲಿ ಅಂದೆ. ಕಾಲು ಹಿಡಿಯೋದೊಂದು ಬಾಕಿ. ‘ಸರಿ ಅಕ್ಕ, ನೀನು ಹೇಳಿದ ಹಾಗೇ’ ಅಂದೆ ನೀನು. ಅನ್ನಲಿಲ್ವಾ?

ಸೋಮವಾರ ನಾನು ಒಳಗೆ ಕಾಲಿಟ್ಟಾಗ ನನ್ನ ಕತ್ತರಿ ನಿನ್ನ ಕೈಲಿತ್ತು. ಹದಿಮೂರು ತಿಂಗಳ ಕೆಲಸ ಮೇಜಿನ ಕೆಳಗಿನ ಬುಟ್ಟೀಲಿ ಚೂರಾಗಿ ಬಿದ್ದಿತ್ತು. ಹನ್ನೊಂದೂ ಜನ ಬರೀ ಮೈಯಲ್ಲಿ. ನೀನು ತಲೆ ಎತ್ತದೇ, ಖುಷಿಯಿಂದ, ‘ನೋಡಕ್ಕ, ಈಗ ನಿಜ ಅನ್ಸುತ್ತೆ’ ಅಂದೆ.

ಅಷ್ಟಕ್ಕೇ ಹೊಡೆದೆ ಅಂದ್ಕೊಂಡಿದೀಯಾ? ಅಲ್ಲ. ಅಷ್ಟೇ ಆಗಿದ್ರೆ ಬೈದು, ಎರಡು ದಿನ ಮಾತು ಬಿಟ್ಟು, ಮತ್ತೆ ಸೂಜಿ ಹಿಡೀತಿದ್ದೆ. ನಾನು ನೋಡಿದ್ದು ಏಳನೇ ಹೆಂಗಸನ್ನ.

ಇಪ್ಪತ್ತೆರಡು ವರ್ಷದಿಂದ ನಾವಿಬ್ಬರೂ ಆ ಮಾತು ಆಡಿಲ್ಲ. ಇವತ್ತು ಆಡೋಣ. ನಿನ್ನ ಭಾವ ನನ್ನ ಕೂದಲು ಹಿಡಿದು ಬೀದಿಗೆ ಎಳೆದ. ಹಗಲು ಹನ್ನೊಂದು ಗಂಟೆ. ಮೈಮೇಲಿನ ಬಟ್ಟೆ ಹೊಸ್ತಿಲಲ್ಲೇ ಹರಿದು ಹಾಕಿದ್ದ. ದಾರೀಲಿ ಮೊದಲು ಬೇಕರಿ, ಆಮೇಲೆ ಮೇಷ್ಟ್ರ ಮನೆ, ಆಮೇಲೆ ಬೀಗ ಹಾಕಿದ್ದ ಗೋದಾಮು. ಬೇಕರಿಯವನು ನೋಡಿ ಕಿಟಕಿ ಹಾಕ್ಕೊಂಡ. ಮೇಷ್ಟ್ರ ಹೆಂಡತಿ ಮಕ್ಕಳನ್ನ ಒಳಗೆ ಎಳ್ಕೊಂಡ್ಲು. ಗೋದಾಮಿನ ಮೆಟ್ಟಿಲ ಮೇಲೆ ನನ್ನ ಬಿಸಾಕಿ, ಒದ್ದು, ಅವನು ವಾಪಸ್ ಹೋದ. ಆಗ ನೀನು ಬಂದೆ. ಸೈಕಲ್ ಎಸೆದು ಓಡಿ ಬಂದೆ. ಅಂಗಿ ಬಿಚ್ಚಿ ಹೊದಿಸಿದೆ. ‘ಈಗ ಬಂದೆ ಅಕ್ಕ, ಈಗ ತಾನೇ ಬಂದೆ’ ಅಂದೆ. ಮನೆ ಸೇರೋ ತನಕ ಅದೇ ಮಾತು, ನಾನು ಕೇಳದೇ ಇದ್ರೂ.

ಆ ಮಾತು ನಂಬಿಕೊಂಡು ನಾನು ಬದುಕಿದೆ ಕಣೋ. ಬೀದಿಗೆ ಬೀದಿಯೇ ನಿಂತು ನೋಡಿತು, ನನ್ನ ತಮ್ಮ ನೋಡಿದ ಕೂಡಲೇ ಓಡಿ ಬಂದ ಅಂತ.

ಎಳೀವಾಗ, ಬೇಕರಿ ಮುಂದೆ, ನನ್ನ ಎಡಗಾಲಿನ ಚಪ್ಪಲಿ ಕಳಚಿತು. ಮೈಮೇಲೆ ಬಟ್ಟೆಯಿಲ್ಲ, ಕೂದಲು ಅವನ ಮುಷ್ಟೀಲಿದೆ, ನಾನು ಆ ಚಪ್ಪಲಿಗೆ ಕೈ ಚಾಚಿದೆ. ಯಾಕೆ ಅಂತ ಇವತ್ತಿಗೂ ಗೊತ್ತಿಲ್ಲ. ಮಾನ ಮುಚ್ಕೊಳ್ಳೋದು ಬಿಟ್ಟು ಚಪ್ಪಲಿಗೆ. ಇದನ್ನ ಯಾರಿಗೂ ಹೇಳಿಲ್ಲ. ಅಮ್ಮನಿಗೂ ಹೇಳಿಲ್ಲ. ನಿನಗಂತೂ ಹೇಳೇ ಇಲ್ಲ.

ನಿನ್ನ ಏಳನೇ ಹೆಂಗಸಿನ ಕೂದಲು ಸೈನಿಕನ ಮುಷ್ಟೀಲಿದೆ. ಮುಖ ಬೇರೆ ಮಾಡಿದೀಯ, ಅಷ್ಟು ಮಟ್ಟಿಗೆ ದಯೆ. ಆದ್ರೆ ಎಡಗಾಲು ಬರಿಗಾಲು. ಬಲಗೈಯನ್ನ ಹೊಸದಾಗಿ ಬಗ್ಗಿಸಿ ಹಿಂದಕ್ಕೆ ಚಾಚಿಸಿದೀಯ, ಬೆರಳು ಬಿಡಿಸಿ. ಎರಡಂಗುಲ ಹಿಂದೆ ಮಣ್ಣಿನಲ್ಲಿ ಹುಣಸೆಬೀಜದಷ್ಟು ಚಪ್ಪಲಿ.

‘ಇದನ್ನೆಲ್ಲಿ ನೋಡಿದೆ’ ಅಂತ ಕೇಳಿದೆ ನಾನು. ಮೆಲ್ಲಗೇ ಕೇಳಿದೆ. ಕುಂಚ ತೊಳೀತಾ ನೀನು ‘ಆ ಬರಹದಲ್ಲಿ ಇದೆಯಕ್ಕ’ ಅಂದೆ. ನಾನು ಓದಿದೀನಿ ಆ ಬರಹ. ನಾಲ್ಕು ಸಾಲು. ಅದರಲ್ಲಿ ಚಪ್ಪಲಿ ಇಲ್ಲ.

ಅಂದ್ರೆ ನೀನು ಅಲ್ಲಿದ್ದೆ. ಬೇಕರಿ ಹತ್ತಿರ ಎಲ್ಲೋ, ಮೊದಲಿನಿಂದಲೂ ಇದ್ದೆ. ಚಪ್ಪಲಿ ಕಳಚಿದ್ದು ನೋಡಿದೆ. ನಾನು ಕೈ ಚಾಚಿದ್ದು ನೋಡಿದೆ. ಅವನು ಹೋಗೋ ತನಕ ಕಾದೆ. ಆಮೇಲೆ ಓಡಿ ಬಂದೆ.

ಇಲ್ಲ ಅನ್ನು. ಸುಳ್ಳಾದ್ರೂ ಪರವಾಗಿಲ್ಲ, ತಲೆ ಅಲ್ಲಾಡಿಸು... ನೀನು ನೋಡಲಿಲ್ಲ, ಸುಮ್ಮನೆ ಕೈಗೆ ಬಂದ ಹಾಗೆ ಮಾಡಿದೆ ಅಂತ ಬರಿ. ನಂಬ್ತೀನಿ.

...

ಕಣ್ಣು ಯಾಕೆ ಮುಚ್ಕೊಂಡೆ?

...

ಆಯ್ತು. ಅಳಬೇಡ, ಮೂಗು ಕಟ್ಟಿದ್ರೆ ನಿನಗೆ ಉಸಿರಾಡೋಕಾಗಲ್ಲ, ಬಾಯಿ ಬೇರೆ ಕಟ್ಟಿದೆ. ಅಳಬೇಡ ಅಂದೆನಲ್ಲ. ಇರು, ಒರೆಸ್ತೀನಿ. ಕಿವಿಯೊಳಗೆ ಹೋಗ್ತಿದೆ ನೀರು.

ನಿನಗೆ ಆಗ ಇಪ್ಪತ್ತು ವರ್ಷ. ಕಡ್ಡಿ ಥರ ಇದ್ದೆ. ಅವನು ಗೂಳಿ ಹಾಗಿದ್ದ. ಹೆದರಿದೆ. ಹೆದರಿದ್ದು ನನಗೆ ಅರ್ಥ ಆಗಲ್ಲ ಅಂದ್ಕೊಂಡ್ಯಾ? ಆ ರಾತ್ರಿಯೇ ಹೇಳಿದ್ರೆ... ಕ್ಷಮಿಸ್ತಿದ್ದೆನೋ ಇಲ್ಲವೋ. ಗೊತ್ತಿಲ್ಲ. ಸುಳ್ಳು ಯಾಕೆ ಹೇಳಲಿ.

ಮೂರು ದಿನದಿಂದ ನಾನು ಒಂದೇ ಯೋಚನೆ ಮಾಡ್ತಿದೀನಿ. ಇವನು ಪೊಲೀಸರಿಗೆ ಯಾಕೆ ಬರೆದುಕೊಡ್ತಿಲ್ಲ? ಅಕ್ಕನನ್ನ ಉಳಿಸೋಕಾ, ತನ್ನನ್ನ ಉಳಿಸ್ಕೊಳ್ಳೋಕಾ? ನನ್ನ ಹೆಸರು ಬರೆದ್ರೆ ‘ಯಾಕೆ ಹೊಡೆದ್ಲು’ ಅಂತ ಕೇಳ್ತಾರಲ್ಲ. ಎರಡೂ ಇರಬಹುದು. ನಿನಗೇ ಗೊತ್ತಿದೆಯೋ ಇಲ್ಲವೋ.

ಒಂದು ಮಾತು ಹೇಳ್ತೀನಿ. ಮೊನ್ನೆ ಹೇಳಿಕೆಗೆ ಸಹಿ ಹಾಕೋಕೆ ಸ್ಟೇಷನ್ನಿಗೆ ಹೋಗಿದ್ದೆ. ಸಾಹೇಬ್ರ ಕೋಣೆ ಪಕ್ಕದ ಗೋಡೆ ಆಚೆಗೇ ಅವನನ್ನ ಹೊಡೀತಿದ್ರು. ಪ್ರತಿ ಏಟಿಗೂ ‘ನಾನಲ್ಲ’ ಅಂತಿದ್ದ. ಕೊನೆಕೊನೆಗೆ ಬರೀ ‘ನಾ... ನಾ...’ ಅಂತ ಕೇಳಿಸ್ತಿತ್ತು. ಸಾಹೇಬ್ರು ನನಗೆ ಚಹಾ ತರಿಸಿದ್ರು. ನಾನು ಕುಡಿದೆ ಕಣೋ. ಪೂರ್ತಿ ಲೋಟ ಕುಡಿದು, ಸಹಿ ಹಾಕಿ, ಚಪ್ಪಲಿ ಮೆಟ್ಟಿ ಎದ್ದು ಬಂದೆ.

ನೀನು ನಿಂತು ನೋಡಿದ್ದು ಹತ್ತು ನಿಮಿಷ ಇರಬಹುದು. ನಾನು ಮೂರು ದಿನದಿಂದ ನಿಂತು ನೋಡ್ತಿದೀನಿ.

ಬಿಡು, ನನ್ನ ಮಣಿಕಟ್ಟು ಬಿಡು. ಇಷ್ಟು ಬಲ ಎಲ್ಲಿತ್ತು ನಿನಗೆ? ಬೇಡ ಅಂತ ತಲೆ ಆಡಿಸ್ತಿದೀಯ. ಈಗ ಆಡುತ್ತೆ ನೋಡು ತಲೆ. ಇಲ್ಲ, ನನ್ನ ತಡೀಬೇಡ. ಸಂಜೆ ಹಾಲು ನರ್ಸಮ್ಮ ಕೊಡ್ತಾರೆ, ಅವರಿಗೆ ಹೇಳಿದೀನಿ. ಕೊಳವೆ ಬಿಸಿನೀರಲ್ಲಿ ತೊಳೀಬೇಕು ಅಂತಾನೂ ಹೇಳಿದೀನಿ. ಹೊಡೆದದ್ದು ನಾನು ಅಂತ ಬರೆಸ್ತೀನಿ. ಯಾಕೆ ಅಂತ ಕೇಳಿದ್ರೆ ನನ್ನ ಗಂಡನ ಕಥೆ ಪೂರ್ತಿ ಹೇಳ್ತೀನಿ, ಚಪ್ಪಲಿ ತನಕ. ಚಪ್ಪಲಿ ಆದಮೇಲಿನದು ಹೇಳಲ್ಲ. ಅದು ನೀನು ಹೇಳಬೇಕಾದ್ದು. ಹೇಳ್ತೀಯೋ ಬಿಡ್ತೀಯೋ, ನಾನು ಬಂದು ಕೇಳಲ್ಲ.

ಬೂಟಿನ ಶಬ್ದ. ಬಂದ್ರು ಅನ್ಸುತ್ತೆ. ಕೈ ಬಿಡೋ.

ಬನ್ನಿ ಸಾಹೇಬ್ರೇ, ಕೂತ್ಕೊಳ್ಳಿ. ಅವನನ್ನ ಕೇಳಬೇಡಿ ಇವತ್ತು. ಮೊದಲು ಸ್ಟೇಷನ್ನಿಗೆ ಫೋನ್ ಮಾಡಿ, ಆ ಗೇಟು ಮಾಡೋನನ್ನ ಹೊಡೆಯೋದು ನಿಲ್ಲಿಸಿ ಅಂತ ಹೇಳಿ. ಆಮೇಲೆ ನನ್ನನ್ನ ಕೇಳಿ.